ಮನೆ ಮಾರುವ ಮುಂಚೆ ಒಮ್ಮೆ ಹೊರಗಿನವರ ಹಾಗೆ ಒಳಗೆ ಬನ್ನಿ
ನಮ್ಮ ಬಾತ್‌ರೂಮಿನ ಚಿಲಕಕ್ಕೆ ಒಂದು ಕಸರತ್ತಿತ್ತು. ಬಾಗಿಲನ್ನು ಸ್ವಲ್ಪ ಮೇಲೆತ್ತಿ ಹಿಡಿದು, ಆಮೇಲೆ ಚಿಲಕ ಎಳೆಯಬೇಕು. ನಮಗೆ 14 ವರ್ಷದ ಅಭ್ಯಾಸ, ಕೈ ತಾನಾಗಿಯೇ ಎತ್ತುತ್ತಿತ್ತು. ಮನೆ ನೋಡಲು ಬಂದ ಮೊದಲ ಕುಟುಂಬದ ಹಿರಿಯರೊಬ್ಬರು ಒಳಗೆ ಹೋಗಿ ಚಿಲಕ ಹಾಕಿಕೊಂಡರು. ಹೊರಗೆ ಬರಲು ಆಗಲಿಲ್ಲ. ನಾನು ಆಚೆಯಿಂದ "ಎತ್ತಿ ಸಾರ್, ಎತ್ತಿ ಎಳೀರಿ" ಅಂತ ಕೂಗುತ್ತಿದ್ದೆ. ಆ ಕುಟುಂಬ ಮತ್ತೆ ಬರಲಿಲ್ಲ. ಚಿಲಕ ಸರಿಮಾಡಲು ಬೇಕಾಗಿದ್ದು ಎರಡು ಸ್ಕ್ರೂ, ಹತ್ತು ನಿಮಿಷ.

ಹಾಗಾಗಿ ಬಣ್ಣದ ಡಬ್ಬ ತರುವ ಮುಂಚೆ ಒಂದು ಹಾಳೆ, ಪೆನ್ನು ಹಿಡಿದು ಮನೆಯಿಂದ ಹೊರಗೆ ಹೋಗಿ, ಗೊತ್ತಿಲ್ಲದವರ ಹಾಗೆ ಒಳಗೆ ಬನ್ನಿ. ಪ್ರತಿ ಸ್ವಿಚ್ಚು ಒತ್ತಿ, ಪ್ರತಿ ನಲ್ಲಿ ತಿರುಗಿಸಿ, ಕಿಟಕಿ ತೆರೆದು ಮುಚ್ಚಿ ನೋಡಿ. "ಅಯ್ಯೋ, ಅದು ಹಂಗೇ" ಅಂತ ಎಲ್ಲಿ ಬಾಯಿಗೆ ಬರುತ್ತದೋ ಅದನ್ನು ಬರೆದುಕೊಳ್ಳಿ. ನಲ್ಲಿ ತೊಟ್ಟಿಕ್ಕುತ್ತಿದ್ದರೆ ಎಷ್ಟೋ ಸಲ ವಾಷರ್ ಬದಲಿಸಿದರೆ ಸಾಕು. ಕಿರುಗುಟ್ಟುವ ಬಾಗಿಲಿಗೆ ಎರಡು ಹನಿ ಎಣ್ಣೆ. ಸ್ವಿಚ್ಚಿನ ಸುತ್ತ ಬೆರಳಿನ ಕಪ್ಪು ಕಲೆ ಇರುತ್ತದಲ್ಲ, ಅದನ್ನು ಮರೆಯಬೇಡಿ. ಆದರೆ ಒಣ ಬಟ್ಟೆಯಲ್ಲೇ ಒರೆಸಿ.

ವಾಸನೆ ಮಾತ್ರ ನಿಮಗೆ ಗೊತ್ತಾಗುವುದಿಲ್ಲ. ನಮ್ಮ ಮನೆಯ ವಾಸನೆಗೆ ನಮ್ಮ ಮೂಗು ಒಗ್ಗಿಹೋಗಿರುತ್ತದೆ. ಮುಲಾಜಿಲ್ಲದೆ ಮಾತಾಡುವ ಯಾರನ್ನಾದರೂ ಕರೆಯಿರಿ. ನನ್ನ ಗೆಳತಿ ಬಾಗಿಲಲ್ಲೇ ನಿಂತು "ಒದ್ದೆ ಗೋಣಿಚೀಲದ ವಾಸನೆ ಕಣೇ" ಅಂದಳು. ಬೀರು ಸರಿಸಿ ನೋಡಿದರೆ ಹಿಂದಿನ ಗೋಡೆಯೆಲ್ಲ ತೇವ, ಮೇಲೆ ಬಿಳಿ ಪುಡಿ. ನೀರು ಗೋಡೆಯೊಳಗಿನ ಲವಣವನ್ನು ಹೊರಗೆ ತಂದು ಬಿಟ್ಟು ಆರಿದಾಗ ಆಗುವ ಪುಡಿ ಅದು.

ನಾನು ಮಾಡಿದ ತಪ್ಪು ಕೇಳಿ. ಸುಮ್ನೆ ಪುಡಿ ಒರೆಸಿ ಮೇಲೆ ಬಣ್ಣ ಹೊಡೆಸಿದೆ. ಮೂರು ವಾರಕ್ಕೆ ಗುಳ್ಳೆ ಎದ್ದಿತು. ನೋಡಲು ಬಂದವರೊಬ್ಬರು ಅದರ ಮೇಲೆ ಹೆಬ್ಬೆರಳು ಒತ್ತಿದರು, ಪಟ್ ಅಂತ ಹಕ್ಕಳೆ ಬಿತ್ತು. ಅವರು ಬೆರಳು ನೋಡಿಕೊಂಡರು, ಪ್ಯಾಂಟಿಗೆ ಒರೆಸಿಕೊಂಡರು, ಏನೂ ಹೇಳಲಿಲ್ಲ. ಆಮೇಲೆ ಹೇಳಿದ ಬೆಲೆಯಲ್ಲಿ ಎಲ್ಲ ಹೇಳಿದರು! ಮೊದಲು ನೀರು ಎಲ್ಲಿಂದ ಬರುತ್ತಿದೆ ಅಂತ ಹುಡುಕಬೇಕು: ಪೈಪೋ, ಚಾವಣಿಯೋ, ಹೊರಗೋಡೆಯ ಬಿರುಕೋ. ಅದನ್ನು ನಿಲ್ಲಿಸಿ, ಗೋಡೆ ಪೂರ್ತಿ ಒಣಗಲು ಬಿಡಿ. ಇದಕ್ಕೆ ವಾರಗಟ್ಟಲೆ ಹಿಡಿಯಬಹುದು. ಹಳೇ ಬಣ್ಣ ಕೆರೆದು, ಪುಟ್ಟಿ, ಪ್ರೈಮರ್, ಕೊನೆಗೆ ಬಣ್ಣ. ರಿಪೇರಿಯ ಬಿಲ್ಲು ಇಟ್ಟುಕೊಂಡು, ಕೇಳುವ ಮುಂಚೆಯೇ ತೋರಿಸಿ. ರೂಂ ಫ್ರೆಶ್‌ನರ್ ಬೇಡವೇ ಬೇಡ. ಏನೋ ಮುಚ್ಚಿಡ್ತಿದ್ದಾರೆ ಅಂತ ಅನುಮಾನ ಬರುತ್ತದೆ.

ಸಾಮಾನು ಅರ್ಧದಷ್ಟು ಖಾಲಿ ಮಾಡಿ. ಬಂದವರು ಕಪಾಟು ತೆಗೆದೇ ತೆಗೆಯುತ್ತಾರೆ. ತುಂಬಿ ತುಳುಕುತ್ತಿದ್ದರೆ ಈ ಮನೆಯಲ್ಲಿ ಜಾಗ ಸಾಲಲ್ಲ ಅಂತಲೇ ಅನ್ನಿಸುತ್ತದೆ. ಹಾಗಂತ ಪೂರ್ತಿ ಬರಿದು ಮಾಡಬೇಡಿ. ಖಾಲಿ ಕೋಣೆಯಲ್ಲಿ ಮಂಚ ಹಿಡಿಸುತ್ತದೋ ಇಲ್ಲವೋ ಅಂದಾಜು ಸಿಗುವುದು ಕಷ್ಟ. ಒಂದೇ ಕೋಣೆಯಲ್ಲಿ ಒಂದು ಹಳದಿ ಬಲ್ಬು, ಒಂದು ಬಿಳಿ ಬಲ್ಬು ಇದ್ದರೆ ಎರಡನ್ನೂ ಒಂದೇ ಬಣ್ಣಕ್ಕೆ ಬದಲಿಸಿ.

ತೊಳೆಯುವಾಗ ಹುಷಾರು. ಮಾರ್ಬಲ್ ಮೇಲೆ ಆಸಿಡ್ ಬಿದ್ದರೆ ಹೊಳಪು ಹೋಗುತ್ತದೆ. ಬ್ಲೀಚಿನ ಜೊತೆ ಆಸಿಡ್ ಇರುವ ಟಾಯ್ಲೆಟ್ ಕ್ಲೀನರ್ ಬೆರೆಸಲೇಬೇಡಿ, ವಿಷದ ಕ್ಲೋರಿನ್ ಅನಿಲ ಬರುತ್ತದೆ.

ಫೋಟೋ ಹಗಲಲ್ಲಿ ತೆಗೆಯಿರಿ. ಪರದೆ ಸರಿಸಿ, ಮೂಲೆಯಲ್ಲಿ ನಿಂತು, ಫೋನನ್ನು ಎದೆಯ ಮಟ್ಟಕ್ಕೆ ಅಡ್ಡ ಹಿಡಿದು. ಕಮೋಡಿನ ಮುಚ್ಚಳ ಮುಚ್ಚಿರಲಿ. ವೈಡ್ ಲೆನ್ಸಿನಲ್ಲಿ ಕೋಣೆಯನ್ನು ಜಾಸ್ತಿ ಹಿಗ್ಗಿಸಿದರೆ ಬಂದವರ ಮುಖ ಬಾಗಿಲಲ್ಲೇ ಇಳಿಯುತ್ತದೆ, ಅಲ್ವಾ?

ನೋಡಲು ಬಂದ ದಿನ ಅವರ ಬೆನ್ನಿಗೆ ಬೀಳಬೇಡಿ. ಅವರು ತಮ್ಮತಮ್ಮಲ್ಲೇ ಪಿಸುಗುಟ್ಟಿಕೊಳ್ಳಲು ಜಾಗ ಬೇಕು. ಕೊನೆಗೆ ಮನೆ ಕೊಂಡವರು ಬಂದಾಗ ನಾನು ಟೆರೇಸಿನಲ್ಲಿ ಬಟ್ಟೆ ಮಡಚುತ್ತಾ ಕೂತಿದ್ದೆ. ಬಾತ್‌ರೂಮಿನ ಚಿಲಕ ಹಾಕಿ ತೆಗೆದ ಸದ್ದು ಮಾತ್ರ ಕೇಳಿಸಿತು.