ಗಟಾರದ ಬಾಯಿ: ನಮ್ಮ ವಾಡಾದ ನಾಲ್ಕು ಮಳೆಗಾಲಗಳ ಅನುಭವ

ಕಾರವಾರದಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿದು ಮುಗಿಯುತ್ತದೆ. ಈ ನೀರನ್ನು ಸಮುದ್ರಕ್ಕೆ ಮುಟ್ಟಿಸಬೇಕಾದ ನಮ್ಮ ವಾಡಾದ, ಅಂದರೆ ನಮ್ಮ ಕೇರಿಯ, ಗಟಾರ ಎರಡಡಿ ಅಗಲ, ಮೂರಡಿ ಆಳದ್ದು. ಪ್ರತಿ ವರ್ಷ ಮೊದಲ ಜೋರು ಮಳೆಗೇ ಅದು ತುಂಬಿ, ರಸ್ತೆಯಡಿ ನೀರು ದಾಟಿಸುವ ಮೋರಿಯ ಹಿಂದಿನ ಆರು ಮನೆಗಳ ಅಂಗಳಕ್ಕೆ ಕೊಳಕು ನೀರು ನುಗ್ಗುತ್ತಿತ್ತು. ಪ್ರೌಢಶಾಲೆಯ ಗಣಿತ ಶಿಕ್ಷಕಿಯಾಗಿ ನಿವೃತ್ತಳಾದ ವರ್ಷ ನಾನು ಈ ಕೆಲಸಕ್ಕೆ ಕೈಹಾಕಿದೆ. ಆ ಆರರಲ್ಲಿ ನಮ್ಮ ಮನೆಯೂ ಒಂದು.

ಮೊದಲ ವರ್ಷ ನಾವು ಮಾಡಿದ್ದು ಎಲ್ಲರೂ ಮಾಡುವಂಥದ್ದೇ. ಮೇ ತಿಂಗಳ ಎರಡು ಭಾನುವಾರ, ಸಂತೆಗೆ ಹೋಗುವ ಮೊದಲು, ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ಹದಿನೈದು ಜನ ಸೇರಿ ಹಾರೆ, ಗುದ್ದಲಿ, ಬುಟ್ಟಿ ಹಿಡಿದು ಹೂಳು ಎತ್ತಿದೆವು. ಎತ್ತಿದ ಹೂಳನ್ನು ಗಟಾರದ ಅಂಚಿಗೇ ಗುಡ್ಡೆ ಹಾಕಿದ್ದು ದೊಡ್ಡ ತಪ್ಪಾಯಿತು. ಸಾಗಿಸಲು ಗಾಡಿ ಬರುವ ಮೊದಲೇ ಮಳೆ ಬಂದು, ಅರ್ಧಕ್ಕರ್ಧ ಹೂಳು ಮತ್ತೆ ಒಳಗೆ ಇಳಿಯಿತು. ಆಮೇಲಿನ ವರ್ಷಗಳಲ್ಲಿ, ಗಾಡಿ ಬಂದು ನಿಲ್ಲದೆ ಒಂದು ಬುಟ್ಟಿ ಹೂಳನ್ನೂ ಮೇಲೆತ್ತಬಾರದು ಎಂಬ ನಿಯಮವನ್ನು ನಾವು ಮುರಿದಿಲ್ಲ.

ಹೂಳು ತೆಗೆದರೂ ನೀರು ನಿಲ್ಲುವುದು ತಪ್ಪಲಿಲ್ಲ. ಆ ಜೂನ್‌ನಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತು ನೋಡುತ್ತಿದ್ದಾಗ, ನೀರು ಹರಿಯದಿರುವುದಕ್ಕೆ ಕಸ ಒಂದೇ ಕಾರಣವಾಗಿರಲಾರದು, ಇಳಿಜಾರಿನಲ್ಲೇ ಏನೋ ಕೊರತೆ ಇರಬೇಕು ಎಂದು ನನಗೆ ಅನ್ನಿಸಿತು. ಅದನ್ನು ಅಳೆಯಲು ದುಬಾರಿ ಉಪಕರಣ ಬೇಕಾಗಲಿಲ್ಲ. ಗೌಂಡಿಗಳು ಪಾಯ ಹಾಕುವಾಗ ಬಳಸುವ, ನೀರು ತುಂಬಿದ ಪಾರದರ್ಶಕ ಪೈಪೊಂದನ್ನು ತಂದೆವು. ಅದರ ಎರಡು ತುದಿಗಳನ್ನು ಇಬ್ಬರು ಹತ್ತು ಮೀಟರ್ ಅಂತರದಲ್ಲಿ ಹಿಡಿದರೆ, ನೆಲ ಹೇಗೇ ಇರಲಿ, ನೀರು ಎರಡೂ ಕಡೆ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಆ ಮಟ್ಟದಿಂದ ಗಟಾರದ ತಳಕ್ಕೆ ಎರಡೂ ಕಡೆ ಅಳೆದರೆ ಸಿಗುವ ವ್ಯತ್ಯಾಸವೇ ಇಳಿಜಾರು. ಪೈಪಿನೊಳಗೆ ಒಂದು ಗುಳ್ಳೆ ಉಳಿದರೂ ಲೆಕ್ಕ ತಪ್ಪುತ್ತದೆ, ಆದ್ದರಿಂದ ಪ್ರತಿ ಸಲವೂ ಅದನ್ನು ಬೆರಳಿನಿಂದ ತಟ್ಟಿ ಗುಳ್ಳೆಯನ್ನು ಮೇಲಕ್ಕೆ ಕಳಿಸಬೇಕು. ಒಂಬತ್ತನೇ ತರಗತಿಯ ಇಬ್ಬರು ಹುಡುಗಿಯರು ದೀಪಾವಳಿ ಮುಗಿದ ಮೇಲೆ ಮೂರು ಸಂಜೆ ನನ್ನ ಜೊತೆ ಬಂದು ಹೀಗೆ 34 ಅಳತೆಗಳನ್ನು ನೋಟುಪುಸ್ತಕದಲ್ಲಿ ಬರೆದುಕೊಂಡರು.

340 ಮೀಟರ್ ಉದ್ದಕ್ಕೆ ನಮ್ಮ ಗಟಾರ ಇಳಿಯುವುದು ಒಟ್ಟು 46 ಸೆಂಟಿಮೀಟರ್ ಮಾತ್ರ, ಅಂದರೆ ಮೀಟರಿಗೆ ಒಂದೂವರೆ ಮಿಲಿಮೀಟರಿಗೂ ಕಡಿಮೆ. ಕರಾವಳಿಯ ಸಮತಟ್ಟು ನೆಲದಲ್ಲಿ ಅದು ಅನಿವಾರ್ಯ. ಆದರೆ ರಸ್ತೆ ದಾಟುವ ಮೋರಿಯ ತಳ, ಅದರ ಹಿಂದಿನ ಗಟಾರದ ತಳಕ್ಕಿಂತ 11 ಸೆಂಟಿಮೀಟರ್ ಎತ್ತರದಲ್ಲಿತ್ತು. ರಸ್ತೆಯನ್ನು ಎತ್ತರಿಸಿದಾಗ ಮೋರಿಯನ್ನೂ ಮೇಲಕ್ಕೇ ಕೂರಿಸಿಬಿಟ್ಟಿದ್ದರು. ಇಷ್ಟು ಕಡಿಮೆ ಇಳಿಜಾರಿನಲ್ಲಿ 11 ಸೆಂಟಿಮೀಟರಿನ ತಡೆ ಇದ್ದರೆ ಸುಮಾರು 80 ಮೀಟರ್ ಹಿಂದಿನವರೆಗೂ ನೀರು ನಿಲ್ಲಬೇಕು ಎಂದು ಲೆಕ್ಕ ಹೇಳುತ್ತಿತ್ತು. ಹೋಗಿ ನೋಡಿದರೆ ಬೇಸಿಗೆಯಲ್ಲೂ ಅಷ್ಟೇ ದೂರ ಪಾಚಿಗಟ್ಟಿದ ನೀರು ನಿಂತಿತ್ತು. ಸೊಳ್ಳೆ ಮೊಟ್ಟೆಯಿಟ್ಟು ಹತ್ತು ದಿನದೊಳಗೆ ಹೊಸ ಸೊಳ್ಳೆ ಹಾರಿಹೋಗುವುದಕ್ಕೆ ಇಂಥ ನೀರು ಸಾಕು.

ಸಂಬಂಧಪಟ್ಟ ಕಚೇರಿಗೆ ಮೊದಲು ಕೊಟ್ಟ ಎರಡು ಮನವಿಗಳಿಗೆ ಉತ್ತರ ಬರಲಿಲ್ಲ. "ಗಟಾರ ಸರಿಪಡಿಸಿಕೊಡಬೇಕಾಗಿ ವಿನಂತಿ" ಎಂದಷ್ಟೇ ಬರೆದಿದ್ದೆವು. ಅಷ್ಟನ್ನೇ ಓದಿದವರಿಗೆ ಎಲ್ಲಿ, ಏನು ಮಾಡಬೇಕೆಂದು ತಿಳಿಯುವುದಾದರೂ ಹೇಗೆ ಎಂದು ಈಗ ಅನ್ನಿಸುತ್ತದೆ. ಮೂರನೆಯ ಸಲ ಒಂದೇ ಹಾಳೆಯಲ್ಲಿ ಗಟಾರದ ನಕ್ಷೆ ಬಿಡಿಸಿ, ಅಳತೆಗಳನ್ನು ಬರೆದು, ಮೋರಿಯ ಜಾಗಕ್ಕೆ ಕೆಂಪು ಗುರುತು ಹಾಕಿ ಕೊಟ್ಟೆವು. ಜೊತೆಗೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿ ಶುಲ್ಕ ಕಟ್ಟಿ, ಆ ಮೋರಿಯ ಅಂದಾಜುಪಟ್ಟಿಯ ಪ್ರತಿ ಕೇಳಿದೆವು. ಉತ್ತರ ಕೊಡಲು ಕಾಯ್ದೆ 30 ದಿನಗಳ ಗಡುವು ಇಟ್ಟಿದೆ. ಗಡುವು ತೀರುವ ಮೊದಲೇ ಇಂಜಿನಿಯರ್ ಒಬ್ಬರು ಸ್ವತಃ ಬಂದು, ನಮ್ಮ ಪೈಪಿನಿಂದಲೇ ಅಳೆದು ನೋಡಿ ಒಪ್ಪಿಕೊಂಡರು. ಮೋರಿಯ ತಳ ಇಳಿದದ್ದು ಮರುವರ್ಷದ ಫೆಬ್ರವರಿಯಲ್ಲಿ.

ಮನೆಗಳ ಮುಂದಿನ ಸ್ಲ್ಯಾಬುಗಳ ವಿಷಯ ಇದಕ್ಕಿಂತ ಕಠಿಣವಾಗಿತ್ತು. 31 ಮನೆಗಳಲ್ಲಿ 22 ಮನೆಯವರು ವಾಹನ ನಿಲ್ಲಿಸಲು ಗಟಾರದ ಮೇಲೆ ಸಿಮೆಂಟ್ ಹಾಕಿ ಮುಚ್ಚಿದ್ದರು. ಎಲ್ಲವನ್ನೂ ಒಡೆಸಬೇಕೆಂದು ಸಭೆಯಲ್ಲಿ ಕೆಲವರು ಕೂಗಾಡಿದರು. ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ಊರುಗಳಿಗೆ ಮಾತ್ರ ಸಂವಿಧಾನದ 243ಎಸ್ ವಿಧಿ ವಾರ್ಡ್ ಸಮಿತಿಯನ್ನು ಕಡ್ಡಾಯ ಮಾಡಿದೆ. ಕಾರವಾರ ಅದಕ್ಕಿಂತ ಬಹಳ ಚಿಕ್ಕ ಊರು. ಹಾಗಾಗಿ ನಮ್ಮದು ಅಂಥ ಸಮಿತಿಯಲ್ಲ, ನೆರೆಹೊರೆಯವರು ಸೇರಿದ ಸಭೆಯಷ್ಟೇ. ಅದಕ್ಕೆ ಯಾರನ್ನೂ ಒತ್ತಾಯಿಸುವ ಅಧಿಕಾರವಿರಲಿಲ್ಲ, ಇರಬೇಕಿತ್ತೆಂದು ನಾನು ಬಯಸುವುದೂ ಇಲ್ಲ. ಮನೆಮನೆಗೆ ಹೋಗಿ ಕೂತು ಮಾತಾಡಿದಾಗಲೇ ನಿಜವಾದ ಕಾರಣಗಳು ತಿಳಿದವು. ನಾವು ವಹಿನಿ, ಅಂದರೆ ಅತ್ತಿಗೆ, ಎಂದು ಕರೆಯುವ ಒಬ್ಬರು, "ಅಕ್ಕೋರೆ, ಸ್ಲ್ಯಾಬ್ ತೆಗೆದ್ರೆ ಇವರ ಗಾಲಿಕುರ್ಚಿ ರಸ್ತೆಗೆ ಹೇಗೆ ಇಳೀಬೇಕು?" ಎಂದು ಕೇಳಿದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಆ ರಾತ್ರಿ ಯೋಚಿಸಿ, ಇಡೀ ಸ್ಲ್ಯಾಬ್ ಒಡೆಯುವ ಬದಲು ಪ್ರತಿ ಮನೆಯ ಮುಂದೆ ಎರಡಡಿ ಮಾತ್ರ ಕತ್ತರಿಸಿ, ಅಲ್ಲಿಗೆ ಎರಡು ಕಬ್ಬಿಣದ ಕೊಂಡಿಗಳಿರುವ ಬಿಡಿ ಸ್ಲ್ಯಾಬ್ ಕೂರಿಸುವುದೆಂದು ಗೌಂಡಿಯ ಜೊತೆ ಮಾತಾಡಿ ನಿರ್ಧರಿಸಿದೆವು. ಕೊಂಡಿಗಳಿಗೆ ಹಗ್ಗ ಕಟ್ಟಿ, ಬಿದಿರಿನ ಗಳ ತೂರಿಸಿದರೆ ಇಬ್ಬರು ಎತ್ತಬಹುದು. ಮೊದಲು ಒಪ್ಪಿಗೆ ಕೊಟ್ಟವರು ಆ ವಹಿನಿಯೇ. ಅವರ ಮನೆಯ ಮುಂದೆ ಬಿಡಿ ಸ್ಲ್ಯಾಬನ್ನು ನೆಲದ ಮಟ್ಟಕ್ಕೆ ಸರಿಯಾಗಿ ಕೂರುವಂತೆ ಎರಡು ಸಲ ಬದಲಾಯಿಸಿದೆವು, ಗಾಲಿ ಎಲ್ಲೂ ಸಿಕ್ಕಿಕೊಳ್ಳಬಾರದೆಂದು. ಆಮೇಲೆ 19 ಮನೆಯವರು ಒಪ್ಪಿದರು, ಇಬ್ಬರು ಇನ್ನೂ ಒಪ್ಪಿಲ್ಲ.

ಇಷ್ಟೆಲ್ಲ ಆದ ಮೇಲೂ ಮೂರನೆಯ ಜೂನ್‌ನ ಮೊದಲ ಮಳೆಗೆ ನೀರು ಏರಿತು. ಮೀನುಗಾರಿಕೆಯಲ್ಲೇ ಬದುಕು ಕಳೆದ ಹಿರಿಯ ತಾಂಡೇಲರೊಬ್ಬರು (ದೋಣಿಯ ಮುಖ್ಯಸ್ಥರು) ಅದನ್ನು ನೋಡಿ, "ಅಕ್ಕೋರೆ, ಬಾಯಿ ಮುಚ್ಚಿಟ್ಟು ಮೇಲಿಂದ ಎಷ್ಟು ಬಳದ್ರೂ ನೀರು ಎಲ್ಲಿಗೆ ಹೋಗಬೇಕು? ಭರತಿ ಇಳಿಯುವಾಗ ಬನ್ನಿ, ತೋರಿಸ್ತೇನೆ" ಎಂದರು. ಭರತಿ ಎಂದರೆ ಸಮುದ್ರದ ಉಬ್ಬರ. ಮಳೆಗಾಲದ ತೆರೆಗಳು ದಡದ ಮರಳನ್ನು ಕೊರೆದು ಒಯ್ಯುತ್ತವೆ. ಸಮುದ್ರ ಶಾಂತವಾಗಿರುವ ತಿಂಗಳುಗಳಲ್ಲಿ ಅದೇ ಮರಳು ಮತ್ತೆ ದಡಕ್ಕೆ ಬಂದು ಕೂರುತ್ತದೆ. ಹೀಗಾಗಿ ಮೇ ಹೊತ್ತಿಗೆ ಗಟಾರದ ಬಾಯಿಯ ಮುಂದೆ ಎದೆಯೆತ್ತರದ ಮರಳಿನ ದಿಬ್ಬ ನಿಂತಿರುತ್ತದೆ. ಮೂರು ವರ್ಷ ನಾವು ಮನೆಗಳ ಕಡೆಯೇ ನೋಡುತ್ತಿದ್ದೆವು, ದಡದವರೆಗೆ ನಡೆದು ಹೋಗಿರಲಿಲ್ಲ.

ದಿಬ್ಬವನ್ನು ಕಡಿಯುವ ಕ್ರಮವನ್ನು ಅವರೇ ಕಲಿಸಿದರು. ಭರತಿ ಪೂರ್ತಿ ಏರಿದ ಮೇಲೆ, ಇಳಿಯಲು ಶುರುವಾಗುವಾಗ ಸಮುದ್ರದ ಕಡೆಯಿಂದ ಗಟಾರದ ಕಡೆಗೆ ಒಂದು ಗುದ್ದಲಿ ಅಗಲದ ಕಾಲುವೆ ತೆಗೆಯುತ್ತಾ ಬರಬೇಕು. ಕೊನೆಯ ಒಂದು ಮಾರು ಮರಳನ್ನು ಕಡೆಗೆ ಕಡಿದರೆ, ಹಿಂದೆ ನಿಂತ ನೀರು ತಾನೇ ನುಗ್ಗಿ, ನೋಡನೋಡುತ್ತಿದ್ದಂತೆ ಎರಡೂ ಅಂಚುಗಳನ್ನು ಕುಸಿಸಿಕೊಂಡು ಒಂದು ಗಂಟೆಯೊಳಗೆ ನಾಲ್ಕಡಿ ಅಗಲವಾಗುತ್ತದೆ. ಏರು ಭರತಿಯಲ್ಲಿ ಕಡಿದರೆ ತೆರೆಗಳು ಅದನ್ನು ಕೂಡಲೇ ಮುಚ್ಚಿಬಿಡುತ್ತವೆ. ಭರತಿಯ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುವುದರಿಂದ, ಯಾವ ದಿನ ಯಾವ ಹೊತ್ತಿಗೆ ಸೇರಬೇಕೆಂಬುದನ್ನು ಮೊದಲೇ ಲೆಕ್ಕ ಹಾಕಿ ಎಲ್ಲರ ಮೊಬೈಲಿಗೆ ಕಳಿಸುವ ಕೆಲಸ ನನ್ನದಾಯಿತು. ಜೂನ್ 1ರಿಂದ ಯಾಂತ್ರಿಕ ದೋಣಿಗಳಿಗೆ 61 ದಿನಗಳ ನಿಷೇಧ ಶುರುವಾಗುವ ಮೊದಲು, ದೋಣಿಗಳನ್ನು ದಡಕ್ಕೆ ತರುವ ವಾರದಲ್ಲೇ ಈ ಕೆಲಸ ಇಟ್ಟುಕೊಂಡಿದ್ದೇವೆ. ದಡದಲ್ಲಿರುವ ಹುಡುಗರು ಕೇಳದೆಯೇ ಬಂದು ಗುದ್ದಲಿ ಹಿಡಿಯುತ್ತಾರೆ.

ನಾಲ್ಕನೆಯ ಮಳೆಗಾಲದಲ್ಲಿ ಅಂಗಳಕ್ಕೆ ನೀರು ಬಂದದ್ದು ಒಮ್ಮೆ ಮಾತ್ರ, ಅಮಾವಾಸ್ಯೆಯ ದೊಡ್ಡ ಭರತಿಯ ಹೊತ್ತಿಗೇ ಮಳೆ ಹೊಡೆದಾಗ. ಅಂಥ ಹೊತ್ತಿನಲ್ಲಿ ಸಮುದ್ರವೇ ಗಟಾರಕ್ಕಿಂತ ಎತ್ತರದಲ್ಲಿರುತ್ತದೆ, ಏನೂ ಮಾಡಲಾಗದು. ಆದರೆ ಹಿಂದೆ ಎರಡು ದಿನ ನಿಲ್ಲುತ್ತಿದ್ದ ನೀರು ಇಳಿತದ ಜೊತೆಗೆ ಮೂರು ಗಂಟೆಯಲ್ಲಿ ಹೋಯಿತು. ಮಳೆನೀರಿನ ಗಟಾರಕ್ಕೆ ಬಚ್ಚಲು ನೀರು ಬಿಡುವ ಐದು ಮನೆಗಳು ಇನ್ನೂ ಇವೆ. ಅವರ ಹಿತ್ತಿಲಲ್ಲಿ ಇಂಗುಗುಂಡಿ ತೋಡಿದರೆ ಮಳೆಗಾಲದಲ್ಲಿ ಎರಡಡಿಗೇ ನೀರು ಸಿಗುತ್ತದೆ, ಆದ್ದರಿಂದ ಆ ದಾರಿ ನಮ್ಮಲ್ಲಿ ನಡೆಯುವುದಿಲ್ಲ. ಬಾಳೆಯ ಬುಡಕ್ಕೆ ತಿರುಗಿಸುವ ಪ್ರಯೋಗವನ್ನು ಒಂದು ಮನೆಯಲ್ಲಿ ಕಳೆದ ತಿಂಗಳು ಆರಂಭಿಸಿದ್ದೇವೆ.