ಸೈನಸ್ ಕಟ್ಟಿಕೊಂಡರೆ ಮೊದಲು ಮೂಗು ತೊಳೆಯಿರಿ

ಬಗ್ಗಿದರೆ ಹಣೆ ಸಿಡಿಯುತ್ತದೆ, ಕೆನ್ನೆ ಮುಟ್ಟಿದರೆ ನೋವು, ಮೇಲಿನ ಹಲ್ಲುಗಳೂ ಜುಮ್ ಅನ್ನುತ್ತವೆ, ಊಟದ ವಾಸನೆಯೇ ಗೊತ್ತಾಗುವುದಿಲ್ಲ. ನೆಗಡಿಯ ಬೆನ್ನಿಗೇ ಇಷ್ಟೂ ಶುರುವಾದರೆ ಸೈನಸ್ ಇರಬಹುದು. ಹಣೆ, ಕೆನ್ನೆ, ಕಣ್ಣುಗಳ ನಡುವೆ ಮತ್ತು ಹಿಂದೆ ಮೂಳೆಯೊಳಗೆ ಗಾಳಿ ತುಂಬಿದ ಗೂಡುಗಳಿವೆ, ಇವೇ ಸೈನಸ್‌ಗಳು. ಅವುಗಳಿಂದ ಮೂಗಿಗೆ ತುಂಬಾ ಕಿರಿದಾದ ದಾರಿ. ನೆಗಡಿಯಲ್ಲಿ ಒಳಪದರ ಊದಿಕೊಂಡು ಆ ದಾರಿ ಮುಚ್ಚಿದರೆ ಸಿಂಬಳ ಅಲ್ಲೇ ನಿಂತುಬಿಡುತ್ತದೆ. ಆ ದಾರಿ ಬಿಡಿಸುವುದೇ ಮುಖ್ಯ ಕೆಲಸ.

ತಕ್ಷಣ ಆಂಟಿಬಯೋಟಿಕ್ ನುಂಗಲು ಹೋಗಬೇಡಿ. ಹೆಚ್ಚಿನ ಸಲ ಇದು ವೈರಸ್‌ನಿಂದ ಬಂದಿರುತ್ತದೆ, ವೈರಸ್‌ಗೆ ಆ ಮಾತ್ರೆ ನಾಟುವುದೇ ಇಲ್ಲ. ಸಿಂಬಳ ಹಳದಿಯೋ ಹಸಿರೋ ಆಯಿತು ಅಂದ ಮಾತ್ರಕ್ಕೆ ಬ್ಯಾಕ್ಟೀರಿಯಾ ಅಂತ ಅರ್ಥ ಅಲ್ಲ.

ಮನೆಯಲ್ಲಿ ಮಾಡುವುದರಲ್ಲಿ ನಾನು ಎಲ್ಲಕ್ಕಿಂತ ಮೇಲೆ ಇಡುವುದು ಉಪ್ಪುನೀರಿನಿಂದ ಮೂಗು ತೊಳೆಯುವುದನ್ನು. ನಲ್ಲಿ ನೀರು ನೇರವಾಗಿ ಬೇಡವೇ ಬೇಡ. ನೀರಿನಲ್ಲಿರುವ ಒಂದು ಬಗೆಯ ಅಮೀಬಾ ಮೂಗಿನ ಮೂಲಕ ಮೆದುಳಿಗೆ ಹೋಗಬಲ್ಲದು. ಇದು ಬಹಳ ಅಪರೂಪ, ಆದರೆ ಹಾಗಾದರೆ ಉಳಿಯುವುದು ಕಷ್ಟ. ಹಾಗಾಗಿ ನೀರು ಕೊತಕೊತ ಕುದಿಯಲು ಶುರುವಾದ ಮೇಲೂ ಕನಿಷ್ಠ 1 ನಿಮಿಷ ಕುದಿಸಿ, ಮುಚ್ಚಿಟ್ಟು ಉಗುರು ಬೆಚ್ಚಗಾಗಲು ಬಿಡಿ. ಸುಮಾರು 240 ಮಿಲಿ ನೀರಿಗೆ ಅರ್ಧ ಟೀ ಚಮಚ ಅಯೋಡಿನ್ ಇಲ್ಲದ ಉಪ್ಪು, ಒಂದು ಚಿಟಿಕೆ ಅಡುಗೆ ಸೋಡಾ. ಉಪ್ಪಿಲ್ಲದ ಬರೀ ನೀರು ಹಾಕಿದರೆ ಮೂಗು ಧಗಧಗ ಉರಿಯುತ್ತದೆ.

ಸಿಂಕ್ ಮೇಲೆ ಬಗ್ಗಿ, ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ. ಬಾಯಿ ತೆರೆದು ಬಾಯಲ್ಲೇ ಉಸಿರಾಡಿ. ಮೂಗು ತೊಳೆಯುವ ಬಾಟಲಿಯಿಂದ ಮೇಲಿನ ಹೊಳ್ಳೆಗೆ ನಿಧಾನವಾಗಿ ನೀರು ಬಿಟ್ಟರೆ ಕೆಳಗಿನ ಹೊಳ್ಳೆಯಿಂದ ಸಿಂಬಳದ ಜೊತೆ ಸುರಿಯುತ್ತದೆ. ಗಂಟಲಿಗೆ ಇಳಿದರೆ ಉಗಿಯಿರಿ, ಹಣೆಯನ್ನು ಇನ್ನಷ್ಟು ತಗ್ಗಿಸಿ. ಆಮೇಲೆ ಮೂಗಿನಿಂದ ಮೆಲ್ಲಗೆ ಗಾಳಿ ಊದಿ ಉಳಿದದ್ದನ್ನು ತೆಗೆಯಿರಿ, ಜೋರಾಗಿ ಊದಿದರೆ ಕಿವಿಗೆ ತೊಂದರೆ. ದಿನಕ್ಕೆ ಒಂದೆರಡು ಸಲ ಸಾಕು. ಬಾಟಲಿಯನ್ನು ಪ್ರತಿ ಸಲ ತೊಳೆದು ಪೂರ್ತಿ ಒಣಗಿಸಿ.

ನೋವಿಗೆ ಪ್ಯಾರಸಿಟಮಾಲ್ ಸಾಕಾಗುತ್ತದೆ, ಪೊಟ್ಟಣದ ಮೇಲೆ ಬರೆದ ಪ್ರಮಾಣ ಮೀರಬೇಡಿ. ಕೆನ್ನೆ ಮೇಲೆ ಬೆಚ್ಚಗಿನ ಒದ್ದೆ ಬಟ್ಟೆ, ತಲೆ ಎತ್ತರಿಸಿ ಮಲಗುವುದು, ಇವೂ ಹಾಯೆನಿಸುತ್ತವೆ. ಹಬೆ ತೆಗೆದುಕೊಂಡರೆ ಸ್ವಲ್ಪ ಹೊತ್ತು ಹಗುರವೇನೋ ಆಗುತ್ತದೆ, ಆದರೆ ಮಕ್ಕಳನ್ನು ಕುದಿನೀರಿನ ಪಾತ್ರೆ ಮುಂದೆ ಕೂರಿಸಲೇಬೇಡಿ, ಸುಟ್ಟುಕೊಳ್ಳುವುದು ಇಲ್ಲೇ.

ಆಕ್ಸಿಮೆಟಜೋಲಿನ್, ಕ್ಸೈಲೋಮೆಟಜೋಲಿನ್ ಇರುವ ಮೂಗಿನ ಸ್ಪ್ರೇ ಹಾಕಿದ ಕೆಲವೇ ನಿಮಿಷದಲ್ಲಿ ಮೂಗು ಬಿಡುತ್ತದೆ, ಅದಕ್ಕೇ ಜನ ಬಿಡಲಾರರು. 3 ದಿನಕ್ಕೆ ನಿಲ್ಲಿಸಿ. ಜಾಸ್ತಿ ದಿನ ಹಾಕಿದರೆ ಸ್ಪ್ರೇ ಇಲ್ಲದೆ ಮೂಗೇ ತೆರೆಯದ ಸ್ಥಿತಿ ಬರುತ್ತದೆ. ಫ್ಲುಟಿಕಾಸೋನ್, ಮೊಮೆಟಾಸೋನ್‌ನಂಥ ಸ್ಟೀರಾಯ್ಡ್ ಸ್ಪ್ರೇಗಳು ಬೇರೆ. ಅವು ಊತ ಇಳಿಸುತ್ತವೆ, ಗುಣ ಕಾಣಲು ಕೆಲವು ದಿನ ಬೇಕು. ಎಡ ಹೊಳ್ಳೆಗೆ ಬಲಗೈಯಿಂದ, ಬಲ ಹೊಳ್ಳೆಗೆ ಎಡಗೈಯಿಂದ ಹಾಕಿ. ಆಗ ಮೊನೆ ಮೂಗಿನ ನಡುಗೋಡೆಗೆ ತಾಗದೆ ಹೊರಬದಿಗೆ ತಿರುಗುತ್ತದೆ.

10 ದಿನವಾದರೂ ಕಡಿಮೆಯಾಗದಿದ್ದರೆ, ಕಡಿಮೆಯಾಗುತ್ತಾ ಬಂದದ್ದು ಮತ್ತೆ ಜೋರಾದರೆ, ಅಥವಾ 102 ಡಿಗ್ರಿ ಫ್ಯಾರನ್‌ಹೀಟ್ ದಾಟಿದ ಜ್ವರದ ಜೊತೆ ಕೀವಿನಂಥ ಸಿಂಬಳ ಮೂರ್ನಾಲ್ಕು ದಿನ ಬಿಡದಿದ್ದರೆ ವೈದ್ಯರನ್ನು ಕಾಣಿ. ಆಂಟಿಬಯೋಟಿಕ್ ಬೇಕೇ ಅಂತ ಯೋಚಿಸುವ ಹೊತ್ತು ಇದು. ಕಣ್ಣಿನ ಸುತ್ತ ಊತ, ಎರಡೆರಡಾಗಿ ಕಾಣುವುದು, ಕತ್ತು ಬಿಗಿಯುವುದು, ಮಂಕು ಕವಿಯುವುದು, ತಡೆಯಲಾರದ ತಲೆನೋವು, ಇದರಲ್ಲಿ ಒಂದು ಕಂಡರೂ ಆಸ್ಪತ್ರೆಗೆ ಆಗಲೇ ಹೊರಡಿ. ಸಕ್ಕರೆ ಕಾಯಿಲೆ ಇದ್ದವರ ಮೂಗಿನಿಂದ ಕಪ್ಪಗೆ ಏನಾದರೂ ಬಂದರೂ ಅಷ್ಟೇ.

12 ವಾರ ದಾಟಿದರೆ ಅದನ್ನು ಹಳೆಯ ಸೈನಸ್ ಅಂತ ನೋಡುತ್ತಾರೆ. ಅಲರ್ಜಿ, ಮೂಗಿನೊಳಗಿನ ಗಡ್ಡೆ, ಸೊಟ್ಟ ನಡುಗೋಡೆ, ಹೀಗೆ ಹಿಂದೆ ಏನೋ ಒಂದು ಇರಬಹುದು. ಒಂದೇ ಬದಿ ಕೆಟ್ಟ ವಾಸನೆಯ ಸಿಂಬಳ ಬರುತ್ತಿದ್ದರೆ ಹಲ್ಲಿನ ವೈದ್ಯರಿಗೂ ತೋರಿಸಿ, ಮೇಲಿನ ದವಡೆಯ ಹುಳುಕು ಹಲ್ಲಿನ ಬೇರಿನಿಂದಲೂ ಕೆನ್ನೆಯ ಸೈನಸ್‌ಗೆ ಸೋಂಕು ಹತ್ತುತ್ತದೆ.