ಕಾಫಿ ಕುಯ್ಲಿನ ನಡುವೆ ಕಾಣೆ ಮೀನಿಗೆ ಗಾಳ

ನಮ್ಮ ಕೊಡಗಿಗೆ ಕಡಲಿಲ್ಲ. ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿದು, ಸುಳ್ಯ, ಪುತ್ತೂರು ದಾಟಿದರೆ ಮಂಗಳೂರು, ಸುಮಾರು 140 ಕಿಲೋಮೀಟರ್. ಜನವರಿಯಲ್ಲಿ ಅರೇಬಿಕಾ ಕುಯ್ಲು ಮುಗಿದು ರೋಬಸ್ಟಾ ಹಣ್ಣಾಗುವುದರೊಳಗೆ ನನಗೆ ಒಂದು ವಾರ ಬಿಡುವು ಸಿಗುತ್ತದೆ. ಆಗ ಗಾಳದ ಪೆಟ್ಟಿಗೆ ಎತ್ತಿಕೊಂಡು ಸಸಿಹಿತ್ಲು ಕಡೆ ಹೋಗುತ್ತೇನೆ. ನಂದಿನಿ, ಶಾಂಭವಿ ಹೊಳೆಗಳು ಕಡಲು ಸೇರುವ ಅಳಿವೆ ಅಲ್ಲಿದೆ. ಪರಿಚಯದ ಅಣ್ಣ ಒಬ್ಬರ ಸಣ್ಣ ಇಂಜಿನ್ ದೋಣಿ ಇದೆ. ನಮ್ಮ ಕಡೆಯವರು ಯಾರಾದರೂ ಹೊಸದಾಗಿ ಹೊರಟರೆ ಉಪಯೋಗವಾಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಗದ್ದೆ ತೋಡಿನಲ್ಲಿ, ಕೆರೆಯಲ್ಲಿ ಗಾಳ ಹಾಕಿ ಬೆಳೆದವರಿಗೆ ಮೊದಲು ಬರುವ ಯೋಚನೆ ಎರೆಯದ್ದು. ಕಡಲಲ್ಲಿ ಮೊದಲು ನೋಡಬೇಕಾದದ್ದು ವಾಪಸ್ ಬರುವ ಹೊತ್ತು. ಹೋಗುವ ದಿನವನ್ನೂ ಅದರ ಮೇಲೆಯೇ ಗೊತ್ತುಮಾಡಿ.

ಗೋಡೆ ಮೇಲಿನ ಪಂಚಾಂಗದ ಕ್ಯಾಲೆಂಡರ್ ಸಾಕು. ಹುಣ್ಣಿಮೆ, ಅಮಾವಾಸ್ಯೆ ಹತ್ತಿರ ಉಬ್ಬರ ಇಳಿತ ಎರಡೂ ಜೋರು, ಸೆಳೆತವೂ ಜಾಸ್ತಿ. ನಮ್ಮ ಸುಗ್ಗಿ ಹಬ್ಬವಾದ ಪುತ್ತರಿ ಹುಣ್ಣಿಮೆಗೆ ಕದಿರು ತೆಗೆದ ಮರುದಿನವೇ ಕಡಲಿಗೆ ಹೊರಡುವ ಉತ್ಸಾಹ ಬೇಡ. ಅಷ್ಟಮಿಯ ಆಸುಪಾಸಿನಲ್ಲಿ ನೀರು ಮೆತ್ತಗಿರುತ್ತದೆ, ಹೊಸಬರಿಗೆ ಅದೇ ಒಳ್ಳೆಯದು. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಆ ದಿನ ನೀರು ತುಂಬುವ ಹೊತ್ತು ನೋಡಿಕೊಂಡು ಹೊರಟರೆ, ನೀರು ಏರುತ್ತಿರುವಾಗಲೇ ಒಳಗೆ ಬರಬಹುದು.

ಇದಕ್ಕೆ ಕಾರಣ ಅಳಿವೆ. ಮಳೆಗಾಲ ಕಳೆದ ಮೇಲೆ ಹೊಳೆಯಲ್ಲಿ ನೀರು ಕಮ್ಮಿ, ಬಾಯಲ್ಲಿ ಮರಳು ಕೂರುತ್ತದೆ. ಇಳಿತದಲ್ಲಿ ಹೊರಗೆ ನುಗ್ಗುವ ಹೊಳೆ ನೀರಿಗೆ ಕಡಲ ಅಲೆ ಎದುರಾಗುತ್ತದೆ. ಆಗ ಅಲೆ ಎದ್ದು ನಿಂತು ಅಲ್ಲೇ ಒಡೆಯುತ್ತದೆ. ಎರಡನೇ ವರ್ಷ ನಾನು ಇದನ್ನು ಕಣ್ಣಾರೆ ಕಂಡೆ. ಬಂಗುಡೆ ಕಚ್ಚುತ್ತಿತ್ತು, "ಅಣ್ಣ, ಹತ್ತೇ ನಿಮಿಷ" ಅಂತ ಮೂರು ಸಲ ಕೇಳಿದೆ. ಅಳಿವೆ ಹತ್ತಿರ ಬರುವಾಗ ಇಳಿತ ಶುರುವಾಗಿತ್ತು. ಅಣ್ಣ ಇಂಜಿನ್ ನಿಧಾನ ಮಾಡಿ ಸುಮ್ನೆ ಅಲೆ ನೋಡುತ್ತಾ ಕೂತರು. "ಈಗ ಬೇಡ ಮಾರಾಯ್ರೇ" ಅಂದರು, ಅಷ್ಟೇ. ಹೊರಗೆ ಲಂಗರು ಹಾಕಿ ಸಂಜೆಯವರೆಗೆ ಬಿಸಿಲಲ್ಲಿ ಕಾದೆವು. ಕುಡಿಯಲು ಇದ್ದದ್ದು ಅರ್ಧ ಬಾಟಲಿ ನೀರು.

ಇನ್ನು ಗಾಳಿ. ಚಳಿಗಾಲದ ಬೆಳಿಗ್ಗೆ ನೆಲದ ಕಡೆಯಿಂದ ಮೂಡುಗಾಳಿ ಬೀಸುತ್ತದೆ. ದಡದ ಹತ್ತಿರ ಅಲೆ ಎಬ್ಬಿಸಲು ಅದಕ್ಕೆ ಜಾಗವೇ ಸಿಗುವುದಿಲ್ಲ. ಹಾಗಾಗಿ ನೀರು ಚಾಪೆ ಹಾಸಿದ ಹಾಗೆ ಕಾಣುತ್ತದೆ, ದೋಣಿ ಮಾತ್ರ ಗೊತ್ತಿಲ್ಲದ ಹಾಗೆ ಹೊರಗೆ ಸರಿಯುತ್ತಿರುತ್ತದೆ. ಇದಕ್ಕೆ ಅಣ್ಣನ ಉಪಾಯ ಹೀಗಿದೆ: ದಡದಲ್ಲಿ ಒಂದು ತೆಂಗಿನಮರ, ಅದರ ಹಿಂದೆ ದೂರದಲ್ಲಿ ಒಂದು ಮೊಬೈಲ್ ಟವರ್, ಎರಡೂ ಒಂದೇ ಗೆರೆಯಲ್ಲಿ ಕಾಣುವಂತೆ ಗುರುತು ಇಟ್ಟುಕೊಳ್ಳುವುದು. ಎರಡೂ ಬೇರೆಯಾದರೆ ದೋಣಿ ಪಕ್ಕಕ್ಕೆ ಸರಿದಿದೆ. ಇಂಥದ್ದೇ ಇನ್ನೊಂದು ಜೋಡಿಯನ್ನು ಬಡಗು ಕಡೆಗೋ ತೆಂಕು ಕಡೆಗೋ ಹುಡುಕಿಕೊಂಡರೆ ಹೊರಗೆ ಎಷ್ಟು ಹೋಗಿದ್ದೀರಿ ಅನ್ನುವುದೂ ತಿಳಿಯುತ್ತದೆ. ಮಧ್ಯಾಹ್ನದ ಹೊತ್ತಿಗೆ ಗಾಳಿ ಪಡುವಣಕ್ಕೆ ತಿರುಗಿ ಅಲೆ ಏಳುತ್ತದೆ. ಅಷ್ಟರಲ್ಲಿ ನೀವು ದಡದಲ್ಲಿರಬೇಕು.

ಲೈಫ್ ಜಾಕೆಟ್ ಮೈಮೇಲಿರಲಿ, ಸೀಟಿನ ಕೆಳಗಲ್ಲ. ಪೆಟ್ರೋಲ್ ಮೂರು ಪಾಲು ಮಾಡಿ: ಹೋಗಲು ಒಂದು, ಬರಲು ಒಂದು, ಮೂರನೆಯದನ್ನು ಮುಟ್ಟಬೇಡಿ. ಕೋಸ್ಟ್ ಗಾರ್ಡ್ ಸಹಾಯದ ನಂಬರ್ 1554, ಮೊಬೈಲ್‌ನಲ್ಲಿ ಸೇವ್ ಮಾಡಿ. ಘಾಟಿ ತಿರುವಿನಲ್ಲಿ ನಮಗೆ ವಾಂತಿ ಬರುವುದಿಲ್ಲ ಅಂತ ಜಂಬ ಬೇಡ, ನಿಂತ ದೋಣಿಯ ಓಲಾಟವೇ ಬೇರೆ.

ಈಗ ಮೀನಿಗೆ ಬರೋಣ. ಕಾಣೆ ಇರುವುದು ಮರಳಿನ ತಳದಲ್ಲಿ. ಅಲೆ ಒಡೆಯುವ ಜಾಗದಿಂದ ಸ್ವಲ್ಪ ಹೊರಗೆ, ಎರಡರಿಂದ ಐದು ಮೀಟರ್ ಆಳದಲ್ಲಿ ಹುಡುಕಿ. ಬಾಯಿ ಚಿಕ್ಕದು, ಮೂತಿ ಚೂಪು, ಮರಳು ಕೆದಕಿ ತಿನ್ನುವ ಮೀನು. ಹಾಗಾಗಿ ತಂಗೂಸಿ (ಗಾಳದ ನೈಲಾನ್ ದಾರ) ಸಣ್ಣದಿರಲಿ, 0.25 ಮಿಲಿಮೀಟರ್ ಸಾಕು. ಕೊಕ್ಕೆ 8ನೇ ನಂಬರಿನದು. ನಡುವೆ ತೂತಿರುವ ಸೀಸದ ಗುಂಡು ದಾರದಲ್ಲಿ ಸಲೀಸಾಗಿ ಜಾರುವಂತಿರಬೇಕು. ಆ ಗುಂಡಿನಿಂದ ಕೊಕ್ಕೆಗೆ ಎರಡು ಗೇಣು. ಎರೆಗೆ ತಾಜಾ ಸಿಗಡಿ: ಸಿಪ್ಪೆ ಸುಲಿದು ಒಂದು ಕಾಫಿ ಬೀಜದಷ್ಟು ತುಂಡು ಮಾಡಿ. ದೊಡ್ಡ ತುಂಡು ಹಾಕಿದರೆ ಅಂಚು ಕಚ್ಚಿಕೊಂಡು ಹೋಗುತ್ತದೆ, ನಿಮಗೆ ಖಾಲಿ ಕೊಕ್ಕೆ.

ದೋಣಿಯನ್ನು ಗಾಳಿಗೆ ಬಿಟ್ಟು ಸೀಸವನ್ನು ತಳದಲ್ಲಿ ಎಳೆಯುತ್ತಾ ಹೋಗಿ. ಮರಳು ಸ್ವಲ್ಪ ಏಳುತ್ತದೆ, ಕಾಣೆ ನೋಡಲು ಬರುತ್ತದೆ. ದಾರವನ್ನು ತೋರುಬೆರಳ ಮೇಲೆ ಹಾಯಿಸಿಕೊಂಡಿರಿ. ಮೊದಲು ಟಕ್ ಟಕ್ ಅನ್ನುತ್ತದೆ, ಮಳೆ ನಿಂತ ಮೇಲೆ ಹಂಚಿನಿಂದ ಹನಿ ಬಿದ್ದ ಹಾಗೆ. ಆಗ ಎಳೆಯಬೇಡಿ. ದಾರ ಭಾರವಾದಾಗ ಮೆಲ್ಲಗೆ ಎತ್ತಿ. ಕೆರೆಯಲ್ಲಿ ಎಳೆದ ಹಾಗೆ ಜಗ್ಗಿದರೆ ತುಟಿ ಹರಿಯುತ್ತದೆ.

ಒಂದು ಎಚ್ಚರಿಕೆ. ಮೀಸೆ ಇರುವ ಮೀನು ಸಿಕ್ಕರೆ ಬರಿಗೈಯಲ್ಲಿ ಹಿಡಿಯಬೇಡಿ. ಬೆನ್ನ ಮೇಲೊಂದು, ಪಕ್ಕಕ್ಕೆ ಎರಡು ವಿಷದ ಮುಳ್ಳಿರುತ್ತವೆ. ಚುಚ್ಚಿದರೆ ತಡೆಯುವಷ್ಟು ಬಿಸಿ ನೀರಿನಲ್ಲಿ ಕೈ ಅದ್ದಿ ಇಡಬೇಕು, ವಿಷದ ಉರಿ ಶಾಖಕ್ಕೆ ಇಳಿಯುತ್ತದೆ. ಆಮೇಲೆ ಆಸ್ಪತ್ರೆ. ಹೊಟ್ಟೆ ಊದಿಸಿಕೊಳ್ಳುವ ಮೀನು ಬಂದರೆ ಕಡಲಿಗೇ ಬಿಡಿ, ತಿನ್ನುವುದಕ್ಕಲ್ಲ.

ಮನೆಗೆ ತರುವುದು ಅರ್ಧ ಕೆಲಸ. ದಡದಲ್ಲೇ ಹೊಟ್ಟೆ ಸೀಳಿ ತೊಳೆದು, ಮೀನಿನಷ್ಟೇ ತೂಕದ ಐಸ್ ಹಾಕಿ. ಬಂಗುಡೆ ಇದ್ದರೆ ಇನ್ನೂ ಜಾಗ್ರತೆ. ತಂಪು ತಪ್ಪಿದರೆ ಅದರಲ್ಲಿ ಹಿಸ್ಟಮಿನ್ ಹುಟ್ಟುತ್ತದೆ, ಎಷ್ಟು ಬೇಯಿಸಿದರೂ ಹೋಗುವುದಿಲ್ಲ, ತಿಂದವರ ಮುಖ ಕೆಂಪಾಗಿ ತಲೆನೋವು ಬರುತ್ತದೆ. ನಾನು ಸುಳ್ಯದಲ್ಲಿ ಚಹಾಕ್ಕೆ ನಿಂತಾಗ ಪೆಟ್ಟಿಗೆಯ ಕರಗಿದ ನೀರು ಚೆಲ್ಲಿ ಮತ್ತೆ ಐಸ್ ತುಂಬುತ್ತೇನೆ. ಘಾಟಿ ಹತ್ತುವಾಗ ಸ್ವೆಟರ್ ಹೊರಗೆ ಬರುತ್ತದೆ, ಅಲ್ಲಿಂದ ಮುಂದೆ ಮೀನಿನ ಚಿಂತೆಯಿಲ್ಲ.

ಅಣ್ಣ ಕಾಣೆಗೆ ಹುಣಸೆಹಣ್ಣು ಅನ್ನುತ್ತಾರೆ. ನಮ್ಮ ಅವ್ವ ಕೇಳುವುದಿಲ್ಲ. ಅರಿಶಿನ, ಕಾಳುಮೆಣಸು, ಉಪ್ಪಿನ ಜೊತೆ ನಾಲ್ಕು ಹನಿ ಕಾಚಂಪುಳಿ (ನಮ್ಮ ಕೊಡಗಿನ ಕಪ್ಪು ಹುಳಿರಸ) ಸವರಿ, ಕಾವಲಿ ಮೇಲೆ ಹಾಕಿ, ಜೊತೆಗೆ ಅಕ್ಕಿ ರೊಟ್ಟಿ ತಟ್ಟುತ್ತಾರೆ. ಹೋದ ಸಲ ಅಣ್ಣನಿಗೂ ಒಂದು ಬಾಟಲಿ ಕಾಚಂಪುಳಿ ಕೊಟ್ಟು ಬಂದೆ. ಇನ್ನೂ ಮುಚ್ಚಳ ತೆಗೆದಿಲ್ಲವಂತೆ.